ಶಾಣ್ಯಾಕಿಯ ಅಳತೆ ಯಾರು ತಗೋಬೇಕು?

ನಮ್ಮ ಚಿಮ್ಮಡದ ಕಡೆ ಚುರುಕಾದ ಮಗುವಿಗೆ ‘ಶಾಣ್ಯಾ’ ಅನ್ನುತ್ತಾರೆ. ಹುಡುಗಿಯಾದರೆ ‘ಶಾಣ್ಯಾಕಿ’. ಇದಕ್ಕೆ ಸರ್ಟಿಫಿಕೇಟ್ ಏನೂ ಬೇಕಿಲ್ಲ. ಕಬ್ಬಿನ ಬಿಲ್ಲಿನ ಲೆಕ್ಕ ಬಾಯಲ್ಲೇ ಹೇಳಿದರೆ ಸಾಕು, ಓಣಿಯ ಮಂದಿಯೇ ಆ ಬಿರುದು ಕೊಟ್ಟುಬಿಡುತ್ತಾರೆ. ಹೋದ ವರ್ಷ ಅಕ್ಕ ಫೋನ್ ಮಾಡಿ, “ತಮ್ಮಾ, ಇಕಿದೊಂದು ಐಕ್ಯೂ ಟೆಸ್ಟ್ ಮಾಡಸಬೇಕಂತ. ಎಲ್ಲಿ ಮಾಡ್ತಾರ, ಯಾರು ಮಾಡ್ತಾರ ನೋಡಿ ಹೇಳು” ಅಂದಳು. ಬೆಂಗಳೂರಿನಲ್ಲಿ ಕೂತವನಿಗೆ ಎಲ್ಲ ಗೊತ್ತಿರುತ್ತದೆ ಅನ್ನುವುದು ಊರಿನವರ ನಂಬಿಕೆ. ನಾನು ಹುಡುಕಲು ಕೂತೆ. ಆ ಹುಡುಕಾಟದಲ್ಲಿ ಸಿಕ್ಕಿದ್ದನ್ನೇ ಈ ಸಲ ಬರೆಯುತ್ತಿದ್ದೇನೆ, ಯಾಕೆಂದರೆ ಇದೇ ಪ್ರಶ್ನೆ ಇಟ್ಟುಕೊಂಡ ಗೆಳೆಯರು ನನಗೆ ಆಮೇಲೆ ಮೂವರು ಸಿಕ್ಕಿದ್ದಾರೆ.

ಅಕ್ಕನ ಮಗಳಿಗೆ ಏಳು ವರ್ಷ. ಸರ್ಕಾರಿ ಕನ್ನಡ ಸಾಲಿಯಲ್ಲಿ ಎರಡನೇ ತರಗತಿ. ಪೇಪರ್ ಓದುತ್ತಾಳೆ, ಬಸ್ಸಿನ ಟಿಕೆಟ್ ಮೇಲಿನ ಅಂಕಿ ಕೂಡಿಸುತ್ತಾಳೆ, ‘ಸೊನ್ನೆಗಿಂತ ಸಣ್ಣದು ಏನಿರತೈತಿ ಮಾಮಾ’ ಅಂತ ಕೇಳುತ್ತಾಳೆ. ಬರೆಯಲು ಕೂರಿಸಿದರೆ ಮಾತ್ರ ಕೋಳಿ ಕೆದರಿದ ಹಾಗೆ ಅಕ್ಷರ, ಅದೂ ಅರ್ಧಕ್ಕೇ ನಿಲ್ಲಿಸುತ್ತಾಳೆ. ಒಬ್ಬ ಮಾಸ್ತರು “ಇಕಿನ್ನ ಸೀದಾ ನಾಲ್ಕನೇತ್ತಕ್ಕ ಕುಂಡರಸ್ರಿ” ಅಂದರಂತೆ, ಇನ್ನೊಬ್ಬ ಬಾಯಾರು “ಭಾಳ ಹಟಮಾರಿ, ಬರಿಯೂದs ಇಲ್ಲ” ಅಂದರಂತೆ. ಇವೆರಡರ ನಡುವೆ ಸಂಬಂಧಿಕರ ಸಲಹೆ ಬೇರೆ: ಇಂಥಾ ಹುಡುಗಿಯನ್ನು ಹಳ್ಳಿಯಲ್ಲಿ ಇಟ್ಟುಕೊಂಡು ಹಾಳು ಮಾಡಬೇಡಿ, ಪಟ್ಟಣದ ವಸತಿ ಶಾಲೆಗೆ ಹಾಕಿ. ಭಾವನವರಿಗೆ ಬನಹಟ್ಟಿಯಲ್ಲಿ ಎರಡು ಪವರ್‌ಲೂಮ್. ಒಂದರ ಮೇಲೆ ಸಾಲ ತೆಗೆದು ಫೀ ಕಟ್ಟುವ ಮಾತು ಮನೆಯಲ್ಲಿ ನಡೆದಿತ್ತು. ಅಂದರೆ ಈ ಟೆಸ್ಟ್ ಬರೀ ಕುತೂಹಲಕ್ಕಲ್ಲ. ಅದರ ಮೇಲೆ ಏಳು ವರ್ಷದ ಹುಡುಗಿ ಮನೆ ಬಿಡುವುದೂ ಮಗ್ಗ ಅಡವಾಗುವುದೂ ನಿಂತಿತ್ತು.

ಹುಡುಕುವುದಕ್ಕೆ ಮೊದಲೇ ‘ಪರಿಣತರು’ ತಾವಾಗಿಯೇ ಮನೆಗೆ ಬಂದಿದ್ದರು. ಬೆರಳಚ್ಚು ತೆಗೆದುಕೊಂಡು ಮಗುವಿನ ಬುದ್ಧಿ ಎಷ್ಟು, ಮುಂದೆ ಡಾಕ್ಟರೋ ಎಂಜಿನಿಯರೋ ಅಂತ ಬಣ್ಣಬಣ್ಣದ ಪುಸ್ತಕ ಮಾಡಿಕೊಡುವವರು. ಇದಕ್ಕೆ ಡಿಎಂಐಟಿ ಅಂತ ಹೆಸರು. ಬೆರಳಿನ ಗೆರೆ ತಾಯಿಯ ಹೊಟ್ಟೆಯಲ್ಲೇ ಮೂಡುತ್ತದೆ, ಮಿದುಳೂ ಆಗಲೇ ಬೆಳೆಯುತ್ತದೆ, ಆದ್ದರಿಂದ ಗೆರೆ ನೋಡಿ ಬುದ್ಧಿ ಹೇಳಬಹುದು ಅನ್ನುವುದು ಅವರ ತರ್ಕ. ಮೊದಲ ಎರಡು ಮಾತು ಖರೆ, ಮೂರನೆಯದು ಅಲ್ಲ. ಭಾರತೀಯ ಮನೋವೈದ್ಯಕೀಯ ಸಂಘವೇ ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ ಅಂತ ಹೇಳಿದೆ. ಇದರ ತಮ್ಮನಂಥ ಇನ್ನೊಂದು ದಂಧೆ ‘ಮಿಡ್‌ಬ್ರೈನ್ ಆಕ್ಟಿವೇಷನ್’, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಓದಿಸುವುದು. ಮಂಗಳೂರಿನ ನರೇಂದ್ರ ನಾಯಕರು ಆ ಪಟ್ಟಿಯ ಸಂದಿಯಲ್ಲಿ ಮಕ್ಕಳು ಇಣುಕಿ ನೋಡುವುದನ್ನು ಎಷ್ಟೋ ಸಲ ಬಯಲು ಮಾಡಿದ್ದಾರೆ. ನಮ್ಮ ಮನೆಗೆ ಬಂದವರು ಐದು ಸಾವಿರ ಕೇಳಿದ್ದರು. ಅಕ್ಕ, “ನಮ್ಮ ತಮ್ಮನ್ನ ಕೇಳಿ ಹೇಳ್ತೀನ್ರಿ” ಅಂತ ಚಹಾ ಕುಡಿಸಿ ಕಳಿಸಿದ್ದಳು. ಐದು ಸಾವಿರ ಉಳಿಯಿತು, ಚಹಾ ಹೋಯಿತು.

ಹಾಗಾದರೆ ಯಾರು ಮಾಡಬೇಕು? ಇದಕ್ಕೆ ಕಾನೂನಿನ ಉತ್ತರವಿದೆ, ಅದು ನನಗೂ ಗೊತ್ತಿರಲಿಲ್ಲ. 1992ರ ಭಾರತೀಯ ಪುನರ್ವಸತಿ ಮಂಡಳಿ ಕಾಯ್ದೆಯ ಪ್ರಕಾರ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡುವವರು ಆ ಮಂಡಳಿಯಲ್ಲಿ, ಅಂದರೆ ಆರ್‌ಸಿಐನಲ್ಲಿ, ಹೆಸರು ನೋಂದಾಯಿಸಿರಬೇಕು. ನೋಂದಣಿ ಇಲ್ಲದೆ ಆ ಕೆಲಸ ಮಾಡಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. (ಸಾವಿರ ರೂಪಾಯಿ ದಂಡಕ್ಕೆ ಇವತ್ತು ಯಾರು ಹೆದರುತ್ತಾರೆ ಅನ್ನುವುದು ಬೇರೆ ಮಾತು.) ಓದು ಅಂದರೆ ಹೆಚ್ಚಾಗಿ ಮನಃಶಾಸ್ತ್ರದಲ್ಲಿ ಎಂ.ಎ. ಆದಮೇಲೆ ಆಸ್ಪತ್ರೆಯಲ್ಲಿದ್ದುಕೊಂಡು ಮಾಡುವ ಎರಡು ವರ್ಷದ ಎಂ.ಫಿಲ್. ಹೆಸರಿನ ಮುಂದೆ ‘ಕೌನ್ಸೆಲರ್’, ‘ಚೈಲ್ಡ್ ಎಕ್ಸ್‌ಪರ್ಟ್’, ‘ಪೇರೆಂಟಿಂಗ್ ಕೋಚ್’ ಅಂತಿದ್ದರೆ ಅವರು ಒಳ್ಳೆಯವರೇ ಇರಬಹುದು, ಸಮಾಧಾನವನ್ನೂ ಹೇಳಬಹುದು, ಆದರೆ ಬುದ್ಧಿಮತ್ತೆಯ ಪರೀಕ್ಷೆ ಮಾಡಿ ಸಹಿ ಹಾಕುವ ತರಬೇತಿ ಅದಲ್ಲ. ಸೈಕಿಯಾಟ್ರಿಸ್ಟ್ ಮತ್ತೆ ಬೇರೆ. ಅವರು ಎಂಬಿಬಿಎಸ್ ಓದಿ ಮನೋವೈದ್ಯರಾದವರು, ಔಷಧಿ ಬರೆಯುವವರು. ಅವರೂ ಟೆಸ್ಟ್ ಬೇಕಾದರೆ ಸೈಕಾಲಜಿಸ್ಟ್ ಕಡೆಗೇ ಕಳಿಸುತ್ತಾರೆ.

ಫೋನಿನಲ್ಲೇ ಕೇಳಿಬಿಡಿ: “ನಿಮ್ಮ ಆರ್‌ಸಿಐ ನಂಬರ್ ಕೊಡ್ತೀರಾ?” ಖರೆ ಇದ್ದವರು ಬೇಜಾರು ಮಾಡಿಕೊಳ್ಳುವುದಿಲ್ಲ, ಅವರ ವರದಿಯ ಕೆಳಗೆ ಆ ನಂಬರ್ ಹೇಗೂ ಇರುತ್ತದೆ. ಆರ್‌ಸಿಐ ವೆಬ್‌ಸೈಟಿನಲ್ಲಿ ಹೆಸರು ಇಲ್ಲವೇ ನಂಬರ್ ಹಾಕಿ ನೋಡಬಹುದು. ನೋಂದಣಿಗೆ ಅವಧಿ ಇರುತ್ತದೆ, ಮುಗಿದಿದೆಯಾ ಅನ್ನುವುದನ್ನೂ ನೋಡಿ. ನಾನು ಫೋನ್ ಮಾಡಿದವರಲ್ಲಿ ಒಬ್ಬರು “ನಂಬರ್ ಎಲ್ಲಾ ಬ್ಯಾಡ್ರಿ, ನಮ್ಮದು ಇಂಟರ್‌ನ್ಯಾಷನಲ್ ಸರ್ಟಿಫಿಕೇಟ್” ಅಂದರು. ಅಲ್ಲಿಗೆ ಆ ಫೋನ್ ಮುಗಿಯಿತು.

ಇನ್ನು ಎಲ್ಲಿ? ಬೆಂಗಳೂರಿನ ನಿಮ್ಹಾನ್ಸ್ ಎಲ್ಲರಿಗೂ ಗೊತ್ತು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲೂ ಕ್ಲಿನಿಕಲ್ ಸೈಕಾಲಜಿ ವಿಭಾಗವಿದೆ. ನಮ್ಮ ಸೀಮೆಗೆ ಹತ್ತಿರದ್ದು ಧಾರವಾಡ, ಅಲ್ಲಿ ಸರ್ಕಾರದ ಡಿಮ್ಹಾನ್ಸ್ ಇದೆ, ಹುಬ್ಬಳ್ಳಿ-ಧಾರವಾಡದಲ್ಲಿ ಖಾಸಗಿಯಾಗಿ ಕೂತವರೂ ಇದ್ದಾರೆ. ಇದಕ್ಕೂ ಮೊದಲು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನು ಕೇಳಬಹುದು, ಎಲ್ಲ ಜಿಲ್ಲೆಯಲ್ಲೂ ಆ ತಂಡ ಇರುತ್ತದೆ. ತಾಲೂಕಿನ ಬಿಆರ್‌ಸಿ ಕಚೇರಿಯಲ್ಲಿ ಅಂಗವಿಕಲ ಮಕ್ಕಳ ಶಿಕ್ಷಣ ನೋಡಿಕೊಳ್ಳುವ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಯಾವ ಸೈಕಾಲಜಿಸ್ಟ್ ಎಲ್ಲಿ ಕೂರುತ್ತಾರೆ, ಯಾರು ಕನ್ನಡದಲ್ಲಿ ಮಾತಾಡುತ್ತಾರೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಗೂಗಲ್‌ಗೆ ಗೊತ್ತಿಲ್ಲ. ನಮಗೆ ಕೊನೆಗೆ ಹೆಸರು ಸಿಕ್ಕಿದ್ದು ಅಂಥ ಶಿಕ್ಷಕರೊಬ್ಬರಿಂದಲೇ.

ಆದರೆ ಇಡೀ ವ್ಯವಸ್ಥೆ ಕಟ್ಟಿರುವುದು ಹಿಂದೆ ಬಿದ್ದ ಮಕ್ಕಳಿಗಾಗಿ. ಅದು ಹಾಗೇ ಇರಬೇಕು, ತಕರಾರಿಲ್ಲ. ಮುಂದೆ ಓಡುವ ಮಗುವನ್ನು ಕರೆದುಕೊಂಡು ಹೋದರೆ ಮಾತ್ರ ಕೌಂಟರಿನವರಿಗೇ ಗೊಂದಲ. ಒಂದು ಕಡೆ ಫೋನಿನಲ್ಲಿ ನಡೆದ ಮಾತು ಹೀಗಿತ್ತು:

“ಹುಡುಗಿಗೆ ಏನ್ ಪ್ರಾಬ್ಲೆಮ್ ರೀ?”

“ಪ್ರಾಬ್ಲೆಮ್ ಇಲ್ರಿ, ಭಾಳ ಶಾಣ್ಯಾ ಅದಾಳ.”

“ಹಂಗಿದ್ರ ಟೆಸ್ಟ್ ಯಾಕ? ಸರ್ಟಿಫಿಕೇಟ್ ಏನಂತ ಕೊಡೂದು?”

ಇನ್ನೊಂದು ಅಡ್ಡಿ ಮನೆಯೊಳಗೇ ಇತ್ತು. ಉತ್ತರ ಕರ್ನಾಟಕದಲ್ಲಿ ‘ಧಾರವಾಡಕ್ಕ ಕಳಸಬೇಕು’ ಅಂದರೆ ಏನರ್ಥ ಅಂತ ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅವ್ವ ಒಂದು ವಾರ ಹಟ ಹಿಡಿದಳು. “ಹೆಣ್ಣ ಹುಡುಗಿ. ಧಾರವಾಡದ ದವಾಖಾನಿಗೆ ಕರಕೊಂಡ ಹೋಗಿದ್ರಂತ ಅಂದ್ರ ನಾಳೆ ಯಾರ್ ಮುಂದ ಏನಂತ ಹೇಳ್ತಿ?” ಅವ್ವನ ಮಾತಿಗೆ ನಗಬಾರದು. ಊರಲ್ಲಿ ಬದುಕುವವಳು ಅವಳು, ನಾನಲ್ಲ. ನಾವು ಖಾಸಗಿ ಕ್ಲಿನಿಕ್ಕಿಗೆ ಹೋಗಿದ್ದಕ್ಕೆ ಅದೂ ಒಂದು ಕಾರಣ. ಖರ್ಚು ಹೆಚ್ಚು ಬಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಇದೇ ಕೆಲಸ ಬಹಳ ಕಡಿಮೆಯಲ್ಲಿ ಆಗುತ್ತದೆ, ದಿನ ಮಾತ್ರ ಕಾಯಬೇಕು.

ಯಾವ ಟೆಸ್ಟ್ ಅನ್ನುವ ವಿಷಯ ನನಗೆ ಎಲ್ಲಕ್ಕಿಂತ ಹಿಡಿಸಿತು. ಭಾರತದಲ್ಲಿ ಇವತ್ತಿಗೂ ಮಕ್ಕಳಿಗೆ ಹೆಚ್ಚು ಬಳಸುವ ಪರೀಕ್ಷೆಗಳಲ್ಲಿ ಒಂದು ಬಿನೆ-ಕಾಮತ್ ಪರೀಕ್ಷೆ. ಅದು ನಮ್ಮ ಸೀಮೆಯದೇ! 1905ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ, ಥಿಯೋಡೋರ್ ಸಿಮೋನ್ ಸೇರಿ ಶಾಲೆಯಲ್ಲಿ ಯಾವ ಮಗುವಿಗೆ ಹೆಚ್ಚಿನ ನೆರವು ಬೇಕು ಅಂತ ತಿಳಿಯಲು ಮಾಡಿದ ಪ್ರಶ್ನೆಗಳು ಅಮೆರಿಕಕ್ಕೆ ಹೋಗಿ 1916ರಲ್ಲಿ ಸ್ಟ್ಯಾನ್‌ಫರ್ಡ್-ಬಿನೆ ಆದವು. ವಿ.ವಿ. ಕಾಮತರು ಅದನ್ನು ಮುಂಬೈ-ಕರ್ನಾಟಕದ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿ 1934ರಲ್ಲಿ ಪ್ರಕಟಿಸಿದರು. ಅಂದರೆ ಹಿಂದಿಯ ಮೂಲಕ ಕನ್ನಡಕ್ಕೆ ಬಂದ ಪರೀಕ್ಷೆ ಅಲ್ಲ ಇದು. ಕನ್ನಡದ ಮಕ್ಕಳ ಮೇಲೆ ಕಟ್ಟಿ ಆಮೇಲೆ ದೇಶಕ್ಕೆಲ್ಲ ಹೋದದ್ದು.

ಹೆಮ್ಮೆ ಪಟ್ಟಿದ್ದಾಯಿತು, ತೊಡಕೂ ಅಲ್ಲೇ ಇದೆ. ಅದರ ಲೆಕ್ಕ ಹಳೆಯ ಕಾಲದ್ದು. ಮಗು ಎಷ್ಟು ವರ್ಷದ ಮಕ್ಕಳ ಪ್ರಶ್ನೆಯವರೆಗೆ ಉತ್ತರ ಕೊಡುತ್ತದೋ ಆ ‘ಮಾನಸಿಕ ವಯಸ್ಸ’ನ್ನು ಅದರ ನಿಜವಾದ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸುತ್ತಾರೆ. ಏಳು ವರ್ಷದ ಹುಡುಗಿ ಹತ್ತು ವರ್ಷದ ಪ್ರಶ್ನೆ ಬಿಡಿಸಿದರೆ 143. ನಾಲ್ಕು ವರ್ಷದ ಮಗು ಆರು ವರ್ಷದ್ದು ಬಿಡಿಸಿದರೆ 150. ಸಣ್ಣ ವಯಸ್ಸಿನಲ್ಲಿ ಎರಡೇ ವರ್ಷ ಮುಂದಿದ್ದರೂ ಅಂಕಿ ಎಷ್ಟು ಮೇಲೆ ಹಾರುತ್ತದೆ ನೋಡಿ. ಇದರ ಜೊತೆಗೆ 1934ರ ಮಕ್ಕಳನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಇವತ್ತಿನ ಮೊಬೈಲು, ಟೀವಿ, ಅಂಗನವಾಡಿ ಕಂಡ ಮಕ್ಕಳು ಸಹಜವಾಗಿ ಮೇಲೆ ಕಾಣುತ್ತಾರೆ. ತಲೆಮಾರಿನಿಂದ ತಲೆಮಾರಿಗೆ ಐಕ್ಯೂ ಅಂಕ ಏರುವುದನ್ನು ಜೇಮ್ಸ್ ಫ್ಲಿನ್ ಹಲವು ದೇಶಗಳ ಅಂಕಿಅಂಶ ಇಟ್ಟು ತೋರಿಸಿದ್ದಾರೆ, ಹತ್ತು ವರ್ಷಕ್ಕೆ ಸುಮಾರು 3 ಅಂಕ. ಹೊಸ ಕಾಲದ ವೆಕ್ಸ್ಲರ್ ಪರೀಕ್ಷೆಗಳಲ್ಲಿ ಲೆಕ್ಕವೇ ಬೇರೆ: ಅದೇ ವಯಸ್ಸಿನ ಮಕ್ಕಳ ಸರಾಸರಿ 100, ಅಲ್ಲಿ 130 ದಾಟುವವರು ನೂರಕ್ಕೆ ಇಬ್ಬರು ಮಾತ್ರ. ಆದ್ದರಿಂದ ವಾಟ್ಸಾಪ್ ಗ್ರೂಪಿನಲ್ಲಿ ಯಾರಾದರೂ “ನಮ್ಮ ಹುಡುಗಂದು 145” ಅಂದರೆ ಯಾವ ಟೆಸ್ಟಿನಲ್ಲಿ ಅಂತ ಕೇಳದೆ ಆ ಅಂಕಿಗೆ ಅರ್ಥವಿಲ್ಲ.

ವೆಕ್ಸ್ಲರ್ ಮಾದರಿಯನ್ನೇ ಹಿಡಿದು ನಾಗಪುರದ ಆರ್ಥರ್ ಮಾಲಿನ್ 1969ರಲ್ಲಿ ಭಾರತದ ಮಕ್ಕಳಿಗೆ ಮಾಡಿದ ಪರೀಕ್ಷೆಯೂ ಇದೆ, 6ರಿಂದ 15 ವರ್ಷದವರಿಗೆ. ಅದರಲ್ಲಿ ಮಾತಿನ ಭಾಗ ಬೇರೆ, ಕೈಯಿಂದ ಜೋಡಿಸಿ ಮಾಡುವ ಭಾಗ ಬೇರೆ ಅಂಕ ಬರುತ್ತದೆ. ರೇವನ್ಸ್ ಅನ್ನುವುದು ಬರೀ ಚಿತ್ರದ ನಮೂನೆಗಳದ್ದು, ಭಾಷೆ ಅಡ್ಡ ಬರುವುದಿಲ್ಲ. ಇನ್ನೊಂದು ಎಚ್ಚರಿಕೆ: ಕೆಲವು ಕಡೆ ಮಗುವನ್ನು ಹತ್ತಿರವೂ ಕರೆಯದೆ, ತಾಯಿಯನ್ನು ಮಾತ್ರ “ಅವನೇ ಉಣ್ಣುತ್ತಾನಾ, ಅಂಗಡಿಗೆ ಹೋಗಿ ಬರುತ್ತಾನಾ” ಅಂತ ಕೇಳಿ ಅಂಕ ಬರೆದುಕೊಡುತ್ತಾರೆ. ಅದು ವೈನ್‌ಲ್ಯಾಂಡ್ ಮಾಪಕ, ಸಾಮಾಜಿಕ ಬೆಳವಣಿಗೆಯ ಅಳತೆ. ಉಪಯುಕ್ತವೇ, ಆದರೆ ಐಕ್ಯೂ ಅಲ್ಲ.

ಭಾಷೆಯ ಪ್ರಶ್ನೆ ಇದಕ್ಕಿಂತ ದೊಡ್ಡದು. ಚಿಮ್ಮಡದ ಹುಡುಗಿಗೆ ಇಂಗ್ಲಿಷಿನಲ್ಲಿ ಶಬ್ದಾರ್ಥ ಕೇಳಿದರೆ ಅಳೆದದ್ದು ಅವಳ ಇಂಗ್ಲಿಷನ್ನು. ಬೆಂಗಳೂರಿನ ಕನ್ನಡದಲ್ಲಿ ಕೇಳಿದರೂ ಸ್ವಲ್ಪ ಹಾಗೇ. ನಾನು ಧಾರವಾಡದವರಿಗೆ ಕೇಳಿದ ಎರಡನೇ ಪ್ರಶ್ನೆಯೇ ಅದು, “ನಮ್ಮ ಕಡೆ ಮಾತು ನಿಮಗೆ ತಿಳೀತದಲ್ರಿ?” “ನಾ ಬೈಲಹೊಂಗಲದಾಕಿ ರೀ” ಅಂದರು ಮೇಡಂ. ಸಮಾಧಾನ ಆಯಿತು.

ಆದರೆ ಅವರು ತಿರುಗಿ ಒಂದು ಪ್ರಶ್ನೆ ಕೇಳಿದರು. “ನಂಬರ್ ಬರ್ತದ. ಅದನ್ನ ತಗೊಂಡು ಏನ್ ಮಾಡ್ತೀರಿ?” ವಸತಿ ಶಾಲೆ, ನಾಲ್ಕನೇ ತರಗತಿ, ಬರೆಯದೇ ಇರುವ ಹಟ, ಎಲ್ಲ ಹೇಳಿದೆ. “ಮೊದಲಿನ ಎರಡಕ್ಕ ಟೆಸ್ಟ್ ಅಷ್ಟ ಸಾಲಂಗಿಲ್ಲ. ಮೂರನೇದಕ್ಕ ಮಾಡೋಣು” ಅಂದರು. ಈ ಪ್ರಶ್ನೆ ಕೇಳದೆ ತಾರೀಖು ಕೊಡುವವರಿಗಿಂತ ಕೇಳುವವರು ಮೇಲು ಅಂತ ನನಗೆ ಅನ್ನಿಸಿದೆ. ಕಾರಣ ಗೊತ್ತಿದ್ದರೆ ತಾನೇ ಯಾವ ಟೆಸ್ಟ್, ಅದರ ಜೊತೆಗೆ ಓದು-ಬರಹದ ಯಾವ ಪರೀಕ್ಷೆ ಅಂತ ಅವರು ಆರಿಸುವುದು.

ಹೋದ ದಿನದ ಬಗ್ಗೆ ಹೆಚ್ಚೇನಿಲ್ಲ. ಹಿಂದಿನ ರಾತ್ರಿಯೇ ಧಾರವಾಡದ ಸಂಬಂಧಿಕರ ಮನೆಯಲ್ಲಿ ಉಳಿದರು, ಬೆಳಗಿನ ಬಸ್ಸಿನಲ್ಲಿ ಬಂದು ನಿದ್ದೆಗಣ್ಣಲ್ಲಿ ಕೂರಬಾರದು ಅಂತ. ಒಂದೊಂದು ತಾಸಿನ ಹಾಗೆ ಎರಡು ಸಲ ಕೂರಿಸಿದರು, ನಡುವೆ ಊಟ. ಅಕ್ಕನನ್ನು ಒಳಗೆ ಬಿಡಲಿಲ್ಲ. ಮನೆಯಲ್ಲಿ ಪ್ರಾಕ್ಟೀಸ್ ಮಾಡಿಸಬೇಡಿ, ಯೂಟ್ಯೂಬಿನಲ್ಲಿ ಪ್ರಶ್ನೆ ಹುಡುಕಬೇಡಿ ಅಂತ ಮೊದಲೇ ಹೇಳಿದ್ದರು. ಪ್ರಶ್ನೆ ಗೊತ್ತಿದ್ದ ಮಗುವಿನ ಅಂಕ ಹಾಳು, ಮತ್ತೆ ಅದೇ ಟೆಸ್ಟ್ ಬೇಗ ಮಾಡುವ ಹಾಗೂ ಇಲ್ಲ. ಹುಡುಗಿಗೆ ಮಾತ್ರ ಬಹಳ ಖುಷಿ. “ಮಾಮಾ, ಅವ್ರು ತಪ್ಪಂತ ಅನ್ನೂದs ಇಲ್ಲ!” ಅಂತ ಫೋನಿನಲ್ಲಿ ಹೇಳಿದಳು.

ಹತ್ತು ದಿನದ ಮೇಲೆ ವರದಿ ಬಂತು, ಐದು ಪುಟ. ಅಂಕಿ ಇಲ್ಲಿ ಬರೆಯುವುದಿಲ್ಲ, ಅದು ಅವಳದ್ದು. ಅದು ಒಂದೇ ಅಂಕಿ ಅಲ್ಲ, ಇಷ್ಟರಿಂದ ಇಷ್ಟರೊಳಗೆ ಅಂತ ಇತ್ತು. ಒಳ್ಳೆಯ ವರದಿಯ ಗುರುತು ಇದು ಅಂತ ಆಮೇಲೆ ತಿಳಿಯಿತು, ಯಾಕೆಂದರೆ ಅದೇ ಮಗು ಇನ್ನೊಂದು ದಿನ ಕೂತಿದ್ದರೆ ನಾಲ್ಕಂಕ ಆಚೀಚೆ ಆಗುವುದು ಸಹಜ. ಅದಕ್ಕಿಂತ ಕೆಲಸಕ್ಕೆ ಬಂದದ್ದು ಬಿಡಿಬಿಡಿಯಾಗಿ ಬರೆದದ್ದು. ಮಾತು, ತರ್ಕ, ಲೆಕ್ಕ ವಯಸ್ಸಿಗಿಂತ ಬಹಳ ಮುಂದೆ. ನೋಡಿ ಬರೆಯುವ ವೇಗ, ಬೆರಳಿನ ಹಿಡಿತ ವಯಸ್ಸಿಗಿಂತ ಹಿಂದೆ. ತಲೆಯಲ್ಲಿ ಮೂರು ವಾಕ್ಯ ಮುಂದೆ ಓಡಿರುತ್ತದೆ, ಕೈ ಮೊದಲ ಅಕ್ಷರದಲ್ಲೇ ಇರುತ್ತದೆ. ಹಟಮಾರಿ ಅಂದಿದ್ದು ಇದಕ್ಕೆ. ಬರವಣಿಗೆಯ ತೊಂದರೆ ಅನ್ನಲು ಇದು ಬೇಗ, ಎಂಟೂವರೆ-ಒಂಬತ್ತಕ್ಕೆ ಮತ್ತೆ ನೋಡೋಣ, ಅಲ್ಲಿಯವರೆಗೆ ದಿನಕ್ಕೆ ಹತ್ತು ನಿಮಿಷ ಕೈಯ ಅಭ್ಯಾಸ, ಉತ್ತರವನ್ನು ಬಾಯಲ್ಲೂ ಹೇಳಲು ಬಿಡಿ ಅಂತ ಬರೆದಿದ್ದರು. ಶಾಣ್ಯಾತನವೂ ತೊಡಕೂ ಒಂದೇ ಮಗುವಿನಲ್ಲಿ ಇರಬಹುದು ಅನ್ನುವುದನ್ನು ಬೆರಳಚ್ಚಿನವರ ಬಣ್ಣದ ಪುಸ್ತಕ ಎಂದಾದರೂ ಹೇಳುತ್ತಿತ್ತೇ?

ಟೆಸ್ಟು ಎಲ್ಲವನ್ನೂ ಹಿಡಿಯುತ್ತದೆ ಅಂತಲೂ ಅಲ್ಲ. ಅಮೆರಿಕದಲ್ಲಿ ಲೂಯಿಸ್ ಟರ್ಮನ್ 1921ರಲ್ಲಿ ಐಕ್ಯೂ ನೋಡಿ ನೋಡಿ ಸಾವಿರಕ್ಕೂ ಹೆಚ್ಚು ಪ್ರತಿಭಾವಂತ ಮಕ್ಕಳನ್ನು ಆರಿಸಲು ಹೊರಟಾಗ ಪರೀಕ್ಷೆಗೆ ಕೂತು ಆಯ್ಕೆಯಾಗದೆ ಹೋದವರಲ್ಲಿ ವಿಲಿಯಂ ಶಾಕ್ಲಿ, ಲೂಯಿಸ್ ಅಲ್ವಾರೆಜ್ ಇದ್ದರು. ಇಬ್ಬರೂ ಮುಂದೆ ಭೌತಶಾಸ್ತ್ರದ ನೊಬೆಲ್ ಪಡೆದರು. ನಮ್ಮ ಬೆಂಗಳೂರಿನ ಶಕುಂತಲಾ ದೇವಿಯವರನ್ನು 1988ರಲ್ಲಿ ಬರ್ಕ್ಲಿಯಲ್ಲಿ ಆರ್ಥರ್ ಜೆನ್ಸನ್ ಪರೀಕ್ಷಿಸಿದರು. ಶಾಲೆಯ ಮೆಟ್ಟಿಲನ್ನೇ ಸರಿಯಾಗಿ ಹತ್ತದೆ, 1977ರಲ್ಲಿ 201 ಅಂಕಿಗಳ ಸಂಖ್ಯೆಯ 23ನೇ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದಾಕೆ. ಆದರೆ ದೀಪ ಹೊತ್ತಿದ ಕೂಡಲೇ ಗುಂಡಿ ಒತ್ತುವಂಥ ಸರಳ ಪರೀಕ್ಷೆಗಳಲ್ಲಿ ಆಕೆಯ ವೇಗ ಸಾಮಾನ್ಯರದಕ್ಕಿಂತ ವಿಶೇಷವೇನೂ ಇರಲಿಲ್ಲ.

ನಮ್ಮ ಹುಡುಗಿ ಈಗ ಎಲ್ಲಿ ಅಂದರೆ, ಚಿಮ್ಮಡದಲ್ಲೇ. ಸರ್ಕಾರಿ ಶಾಲೆಯ ಒಂದರಿಂದ ಮೂರನೇ ತರಗತಿಗೆ ನಡೆಯುವ ‘ನಲಿ-ಕಲಿ’ಯಲ್ಲಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತಬಹುದು ಅನ್ನುವುದು ಮೂಲ ಯೋಚನೆ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ಆ ಪದ್ಧತಿ ಇಂಥ ಮಕ್ಕಳಿಗೇ ಹೇಳಿ ಮಾಡಿಸಿದಂತಿದೆ, ನಡೆಸುವ ಶಿಕ್ಷಕರಿಗೆ ಮನಸ್ಸಿದ್ದರೆ. ಇಲ್ಲಿನ ಬಾಯಾರಿಗೆ ಮನಸ್ಸಿತ್ತು. ವರದಿ ಓದಿದ ಮೇಲೆ ‘ಹಟಮಾರಿ’ ಅನ್ನುವುದನ್ನು ಬಿಟ್ಟರು, ಲೆಕ್ಕದ ಹೊತ್ತಿಗೆ ನಾಲ್ಕನೇ ತರಗತಿಯ ಕೋಣೆಗೆ ಕಳಿಸುತ್ತಾರೆ, ಆಟಕ್ಕೆ ತನ್ನ ವಾರಿಗೆಯವರ ಜೊತೆಯೇ ಬಿಡುತ್ತಾರೆ. ವಸತಿ ಶಾಲೆಯ ಮಾತು ನವೋದಯದವರೆಗೆ ಮುಂದೆ ಹೋಗಿದೆ. ಅಲ್ಲಿ ಆರನೇ ತರಗತಿಗೆ ಪ್ರವೇಶ ಪರೀಕ್ಷೆ, ಕನಿಷ್ಠ ಶೇ. 75 ಸೀಟು ಹಳ್ಳಿಯ ಮಕ್ಕಳಿಗೆ, ವಸತಿ-ಊಟಕ್ಕೆ ದುಡ್ಡಿಲ್ಲ. ಅಷ್ಟೊತ್ತಿಗೆ ಅವಳಿಗೆ ಹತ್ತು ದಾಟಿರುತ್ತದೆ, ಹೋಗಬೇಕೋ ಬೇಡವೋ ಅಂತ ಅವಳನ್ನೂ ಕೇಳಬಹುದು. ಮಗ್ಗದ ಮೇಲೆ ಸಾಲ ಬೀಳಲಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಪ್ರತಿಭಾವಂತ ಮಕ್ಕಳಿಗೆ ಬೆಂಬಲ ಕೊಡಬೇಕು, ಅದಕ್ಕೆ ಶಿಕ್ಷಕರಿಗೆ ತರಬೇತಿ ಇರಬೇಕು ಅಂತ ಬರೆದಿದ್ದಾರೆ. ಬೆಂಗಳೂರಿನ ನಿಯಾಸ್ ಸಂಸ್ಥೆಯಲ್ಲಿ ಪ್ರೊ. ಅನಿತಾ ಕುರುಪ್ ಅವರ ತಂಡ ಅದಕ್ಕೂ ಹಿಂದಿನಿಂದ ಈ ಕೆಲಸ ಮಾಡಿದೆ, ಐಕ್ಯೂ ಅಂಕಿಯೊಂದನ್ನೇ ನೆಚ್ಚದೆ ಶಿಕ್ಷಕರ, ಪಾಲಕರ ಗಮನಿಕೆಯನ್ನೂ ಎಣಿಸಬೇಕು ಅನ್ನುವುದು ಅವರ ದಾರಿ. ಅದು ರಬಕವಿ-ಬನಹಟ್ಟಿಯ ಬಿಆರ್‌ಸಿಯವರೆಗೆ ಬಂದರೆ ನನ್ನ ಅಕ್ಕನಂಥವರು ಫೋನ್ ಹಿಡಿದು ತಿಂಗಳುಗಟ್ಟಲೆ ಕೂರಬೇಕಾಗಿರಲಿಲ್ಲ.

ಅಕ್ಕ ವರದಿಯನ್ನು ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ಹಾಕಬೇಕು ಅಂದಿದ್ದಳು. ಬೇಡ ಅಂದೆ. ಎರಡು ವರ್ಷಕ್ಕೆ ಮತ್ತೆ ನೋಡಬೇಕಾದ ಕಾಗದ ಅದು, ಮೂಲ ಪ್ರತಿ ಟ್ರಂಕಿನಲ್ಲಿರಲಿ, ಝೆರಾಕ್ಸ್ ಒಂದು ಬಾಯಾರ ಹತ್ತಿರ ಇರಲಿ. ಸಂಬಂಧಿಕರು ಕೇಳಿದರೆ ಏನನ್ನಲಿ ಅಂದಳು. “ಅಕ್ಷರ ಸುದ್ದ ಮಾಡ್ಕೋಬೇಕಂತ ಅಂದು ಬಿಡು” ಅಂದೆ. ಈಗ ಹಾಗೇ ಹೇಳುತ್ತಿದ್ದಾಳೆ.